ಹಿಂದಿನ ಸೀಟಿನ ಅಣ್ಣ

ಡೊಂಬಿವಲಿಯ ನಮ್ಮ ಹಳೆಯ ಬಿಲ್ಡಿಂಗಿನವರದೊಂದು ಮೊಬೈಲ್ ಗುಂಪು ಇದೆ. ಹೋದ ತಿಂಗಳು ಅದರಲ್ಲಿ ಎರಡನೇ ಮಾಳಿಗೆಯ ಅಣ್ಣ ತೀರಿಕೊಂಡ ಸುದ್ದಿ ಬಂತು. ಬಂದ ಸ್ವಲ್ಪ ಹೊತ್ತಿಗೇ ಗಲಿಬಿಲಿ ಶುರುವಾಯಿತು. ಈಚೆಗೆ ಬಾಡಿಗೆಗೆ ಬಂದವರೊಬ್ಬರು, ಆ ತೆಳ್ಳಗಿನ ಅಂಕಲ್ ತಾನೆ ಎಂದು ಕೇಳಿದರು. ಬಿಲ್ಡಿಂಗು ಬಿಟ್ಟು ಬದಲಾಪುರಕ್ಕೆ ಹೋಗಿ ನೆಲೆಸಿದವರೊಬ್ಬರು, ಅಲ್ಲವೇ ಅಲ್ಲ, ಭಾರೀ ದಪ್ಪಗಿದ್ದ ಹೋಟೆಲಿನ ಅಣ್ಣ ಎಂದು ತಿದ್ದಿದರು. ಇವರು ತೆಳ್ಳಗೆ ಎನ್ನುತ್ತಾರೆ, ಅವರು ದಪ್ಪ ಎನ್ನುತ್ತಾರೆ. ಕೊನೆಗೆ ಮೂರನೆಯವರೊಬ್ಬರು, ಹಾಗಾದರೆ ತೀರಿಕೊಂಡವರು ಇಬ್ಬರಾ ಎಂದು ಗಾಬರಿಯಾದರು. ಇಬ್ಬರು ಹೇಳಿದ್ದೂ ನಿಜ. ದಪ್ಪಗಿದ್ದ ಅಣ್ಣ ತೆಳ್ಳಗಾಗುತ್ತಿದ್ದಾರೆ ಎಂಬುದು ಮೊದಲು ಗೊತ್ತಾದದ್ದು ನನ್ನ ಮೋಟಾರ್ ಸೈಕಲ್ಲಿಗೆ. ನನಗೆ ಆಮೇಲೆ.

ಅಣ್ಣ ಉಡುಪಿ ಕಡೆಯವರು, ಠಾಣೆಯ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವ ಮ್ಯಾನೇಜರ್. ನಾನು ವಿಜಯಪುರ ಕಡೆಯವನು, ಮಹಾಪೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಅವರ ಕನ್ನಡ ನನಗೆ, ನನ್ನ ಕನ್ನಡ ಅವರಿಗೆ ಅರ್ಧ ತಮಾಷೆ, ಅರ್ಧ ಒಗಟು. ಇಬ್ಬರಿಗೂ ಸಿಟ್ಟು ಬಂದಾಗ ಹಿಂದಿಗೆ ಇಳಿಯುತ್ತಿದ್ದೆವು. ಅಣ್ಣನದು ಎತ್ತರಕ್ಕೆ ತಕ್ಕ ಅಗಲ, ಅಗಲಕ್ಕೆ ತಕ್ಕ ದನಿ. ಲೋಕಲ್ ಟ್ರೇನಿನಲ್ಲಿ ಸೀಟು ಖಾಲಿಯಿದ್ದರೂ ಅವರು ಕೂರುತ್ತಿರಲಿಲ್ಲ. ಮೂವರ ಬೆಂಚಿನ ತುದಿಗೆ ನಾಲ್ಕನೆಯವನೊಬ್ಬ ಅರ್ಧ ತೊಡೆ ಊರಿ ಕೂರುವುದು ಇಲ್ಲಿನ ಪದ್ಧತಿ. ತಾನು ಕೂತರೆ ನಾಲ್ಕನೆಯವನ ಮಾತಿರಲಿ, ಮೂರನೆಯವನಿಗೂ ಜಾಗವಿಲ್ಲ, ಯಾಕೆ ಇನ್ನೊಬ್ಬರ ಶಾಪ ಎಂದು ಠಾಣೆಯವರೆಗೂ ನಿಂತೇ ಹೋಗುತ್ತಿದ್ದರು.

ಅವರಿಗೆ ಸೈಕಲ್ಲು ಕೂಡ ಬಿಡಲು ಬರುತ್ತಿರಲಿಲ್ಲ. ಆದರೂ ನಮ್ಮ ಬಿಲ್ಡಿಂಗಿನಲ್ಲಿ ಯಾರೇ ಬೈಕು ಕೊಳ್ಳಲಿ, ಮೊದಲು ಅಣ್ಣನನ್ನು ಹಿಂದೆ ಕೂರಿಸಿಕೊಂಡು ಟೆಸ್ಟ್ ರೈಡ್ ಮಾಡಲೇಬೇಕು. ಇದು ಶುರುವಾದದ್ದು ಒಂದು ಅವಮಾನದಿಂದ. ಕೆಳಗಿನ ಮನೆಯವರೊಬ್ಬರು ಹೊಸ ಬೈಕು ತಂದು, ಪೇಢೆ ಹಂಚಿ, ಬನ್ನಿ ಅಣ್ಣ ಎಂದು ಅವರನ್ನು ಕೂರಿಸಿಕೊಂಡು ಹೊರಟರು. ಪೂರ್ವದಿಂದ ಪಶ್ಚಿಮಕ್ಕೆ ರೈಲು ಹಳಿ ದಾಟಿಸುವ ಸೇತುವೆ, ಇಲ್ಲಿಯವರ ಬಾಯಲ್ಲಿ ಪೂಲು, ಇದೆಯಲ್ಲ, ಅದರ ನಡು ಏರಿನಲ್ಲಿ ಗಾಡಿ ನಿಂತೇಬಿಟ್ಟಿತು. ಹಿಂದಿನ ರಿಕ್ಷಾದವನು ಹಾರ್ನು ಹೊಡೆಯುತ್ತಿದ್ದಾನೆ, ಹೊಸ ಗಾಡಿಗೆ ಕಟ್ಟಿದ ಚೆಂಡುಹೂವಿನ ಹಾರ ಇನ್ನೂ ಬಾಡಿಲ್ಲ, ಅಣ್ಣ ಇಳಿದು ಹಿಂದಿನಿಂದ ತಳ್ಳುತ್ತಿದ್ದಾರೆ. ಅಂದಿನಿಂದ ಬಿಲ್ಡಿಂಗಿನವರೆಲ್ಲ ಒಂದು ತೀರ್ಮಾನಕ್ಕೆ ಬಂದರು. ಅಣ್ಣನನ್ನು ಎಳೆದ ಗಾಡಿ ಹೆಂಡತಿ, ಮಗು, ಸಿಲಿಂಡರು ಎಲ್ಲವನ್ನೂ ಎಳೆಯುತ್ತದೆ.

ಅಣ್ಣ ಈ ಕೆಲಸವನ್ನು ಆಟವೆಂದು ತಿಳಿದವರಲ್ಲ. ಹೊಟ್ಟೆ ತುಂಬ ಊಟ ಮಾಡಿಯೇ ಬರುತ್ತಿದ್ದರು. ಖಾಲಿ ಹೊಟ್ಟೆಯಲ್ಲಿ ಪರೀಕ್ಷೆ ಮಾಡಿದರೆ ಗಾಡಿಗೆ ರಿಯಾಯಿತಿ ಕೊಟ್ಟ ಹಾಗೆ ಎಂಬುದು ಅವರ ವಾದ. ಸೀಟಿನಲ್ಲಿ ಕೂತ ಮೇಲೆ ಕಣ್ಣು ಮುಚ್ಚಿ, ಮುಂದೆ ಕೂತವನ ಹೆಗಲ ಮೇಲೆ ಕೈಯಿಡುತ್ತಿದ್ದರು. ಪೂಲಿನ ನಡು ಏರಿಗೆ ಬಂದಾಗ ಹೆಗಲನ್ನು ಒತ್ತಿದರೆ ನಿಲ್ಲಿಸಬೇಕು, ಕೈ ಸಡಿಲಿಸಿದರೆ ಹೊರಡಬೇಕು. ಬಣ್ಣ, ಮೈಲೇಜು, ಕಂಪನಿಯ ಹೆಸರು ಯಾವುದನ್ನೂ ಕೇಳುತ್ತಿರಲಿಲ್ಲ. ಇಳಿದ ಮೇಲೆ ತೀರ್ಪು ಕೊಡುತ್ತಿದ್ದರು. ಒಂದೋ ‘ಎಳೀತದೆ’, ಇಲ್ಲವೋ ‘ಉಸಿರು ಕಟ್ತದೆ’. ಇವೆರಡರ ನಡುವಿನ ಮಾತು ಅವರಲ್ಲಿ ಇರಲಿಲ್ಲ. ಮೈಭಾರದ ಬಗ್ಗೆ ಜನರು ಹಿಂದಿನಿಂದ ನಗುವ ಈ ಊರಿನಲ್ಲಿ, ಅದೇ ಭಾರಕ್ಕಾಗಿ ಮನೆ ಬಾಗಿಲಿಗೆ ಬಂದು ಕರೆದುಕೊಂಡು ಹೋಗುತ್ತಿದ್ದರಲ್ಲ, ಅದರಿಂದ ಅವರಿಗೆ ಖುಷಿಯಿತ್ತು. ಮುಚ್ಚಿಡುತ್ತಲೂ ಇರಲಿಲ್ಲ.

ಇನ್ನು ನನ್ನ ವಿಷಯ. ನಾನು ಹುಟ್ಟಾ ಗೊಂದಲದ ಮನುಷ್ಯ. ಹೋಟೆಲಿನಲ್ಲಿ ಇಡ್ಲಿಯೋ ಉಪ್ಪಿಟ್ಟೋ ಎಂದು ಯೋಚಿಸುವಷ್ಟರಲ್ಲಿ ಎರಡೂ ಖಾಲಿಯಾಗಿರುತ್ತವೆ. ನನ್ನ ಹತ್ತಿರ ಇದ್ದದ್ದು ನೂರು ಸಿಸಿಯ ಹಳೆಯ ಬೈಕು. ಹೆಂಡತಿಗೂ ಮಹಾಪೆಯಲ್ಲಿ ಕೆಲಸ ಸಿಕ್ಕ ಮೇಲೆ ಇಬ್ಬರೂ ಅದರ ಮೇಲೇ ಹೋಗತೊಡಗಿದೆವು. ಶಿಳಫಾಟಾ ದಾಟಿದ ಮೇಲಿನ ಏರಿನಲ್ಲಿ ಅದು ಏದುಸಿರು ಬಿಡುತ್ತಿತ್ತು. ಲಾರಿಗಳು ಹಿಂದಿನಿಂದ ಮೈಮೇಲೇ ಬಂದಂತಾಗಿ ಹೆಂಡತಿ ನನ್ನ ಬೆಲ್ಟನ್ನು ಬಿಗಿಯಾಗಿ ಹಿಡಿಯುತ್ತಿದ್ದಳು. ದೊಡ್ಡ ಗಾಡಿ ಬೇಕು ಎಂದು ನಿರ್ಧಾರವಾಯಿತು. ಯಾವುದು ಎಂಬಲ್ಲಿಗೆ ಬಂದು ನಿಂತಿತು.

ಆಗ ಚಿಕ್ಕ ಇಂಜಿನಿನ ಕ್ರೂಸರುಗಳು ರಸ್ತೆಗೆ ಬಂದಿದ್ದ ಕಾಲ. ತಗ್ಗಿನ ಸೀಟು, ಅಗಲವಾದ ಹ್ಯಾಂಡಲು, ಕಾಲು ಮುಂದಕ್ಕೆ ಚಾಚಿ ಕೂರುವ ಠೀವಿ, ಹಿಂದಿನವರ ಬೆನ್ನಿಗೆ ಒಂದು ಆಸರೆ. ನನಗೆ ಮನಸ್ಸು ಹೋಗಿತ್ತು. ಫ್ಯಾಕ್ಟರಿಯಲ್ಲಿ ಒಬ್ಬ, ಅದು ನೋಡಲಿಕ್ಕೆ ಆನೆ, ಎಳೆಯಲಿಕ್ಕೆ ಮೇಕೆ ಎಂದ. ಇನ್ನೊಬ್ಬ, ಹೈವೇಗೆ ಅದರಪ್ಪನಂಥ ಗಾಡಿ ಇಲ್ಲ ಎಂದ. ಟ್ರಾಫಿಕ್ಕಿನಲ್ಲಿ ತಿರುಗುವುದಿಲ್ಲ ಎಂದವರುಂಟು, ಸೊಂಟನೋವು ಹೋಗುತ್ತದೆ ಎಂದವರೂ ಉಂಟು. ಹತ್ತು ಜನರನ್ನು ಕೇಳಿ ಮೊದಲಿಗಿಂತ ಹೆಚ್ಚು ಗೊಂದಲಕ್ಕೆ ಬಿದ್ದು, ಕೊನೆಗೆ ಎಲ್ಲರೂ ಹೋಗುವ ಬಾಗಿಲಿಗೇ ಹೋದೆ. ಅಣ್ಣ ಸಾಮಾನ್ಯವಾಗಿ, ಯಾವಾಗ ಹೋಗುವ ಎಂದು ಕೂಡಲೇ ಏಳುವವರು. ಅಂದು ಕೂತಲ್ಲಿಂದಲೇ, ಬುಧವಾರ ನನಗೆ ರಜೆ, ನೋಡುವ ಎಂದರು.

ಬುಧವಾರ ಕಲ್ಯಾಣ ರಸ್ತೆಯ ಶೋರೂಮಿಗೆ ಹೋದೆವು. ಮುಂದಿನ ಸಿಗ್ನಲ್ಲಿನವರೆಗೆ ಹೋಗಿ ತಿರುಗಿ ಬನ್ನಿ, ಅಷ್ಟೇ ಎಂದ ಸೇಲ್ಸ್‌ಮನ್ನಿಗೆ ಅಣ್ಣ ತಮ್ಮ ಹೋಟೆಲಿನ ಹಿಂದಿಯಲ್ಲಿ, ಸಪಾಟು ರಸ್ತೆಯಲ್ಲಿ ಕೈಗಾಡಿಯೂ ಓಡುತ್ತದೆ, ಅದಕ್ಕೆ ಟೆಸ್ಟ್ ಯಾಕೆ ಎಂದು ಕೇಳಿದರು. ನಮ್ಮ ಹಳೆಯ ಗಾಡಿ, ನನ್ನ ಲೈಸೆನ್ಸು ಎರಡನ್ನೂ ಅಲ್ಲೇ ಬಿಟ್ಟು ಪೂಲಿನತ್ತ ಹೊರಟೆವು. ನನ್ನ ಬಲಗಾಲು ಹಳೆಯ ಅಭ್ಯಾಸದಂತೆ ಬ್ರೇಕನ್ನು ಹಿಂದೆ ಹುಡುಕುತ್ತಿತ್ತು. ಬ್ರೇಕು ಎಲ್ಲೋ ಮುಂದೆ ಇತ್ತು. ಮೊದಲನೇ ತಿರುವಿನಲ್ಲಿ ಹ್ಯಾಂಡಲು ನನ್ನನ್ನು ತಿರುಗಿಸುತ್ತಿದೆಯೋ ನಾನು ಹ್ಯಾಂಡಲನ್ನೋ ತಿಳಿಯದೆ, ಹಣ್ಣು ಮಾರುವವನ ಬುಟ್ಟಿಗೆ ಸ್ವಲ್ಪದರಲ್ಲೇ ತಾಗದೆ ಪಾರಾದೆ. ಅಣ್ಣ ಹಿಂದೆ ಕಣ್ಣು ಮುಚ್ಚಿ ಕೂತಿದ್ದರು.

ಪೂಲಿನ ಏರು ಬಂತು. ನಡುವೆ ಹೆಗಲನ್ನು ಒತ್ತಿದರು, ನಿಲ್ಲಿಸಿದೆ. ಕೈ ಸಡಿಲವಾಯಿತು, ಕ್ಲಚ್ಚು ಬಿಟ್ಟೆ. ಗಾಡಿ ಒಂದಿಷ್ಟೂ ಗೊಣಗದೆ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಮೇಲಕ್ಕೆ ಹೋಯಿತು. ನನಗೆ ಕೂಗಬೇಕೆನಿಸಿತು. ತೀರ್ಪು ಬರಲೆಂದು ಕಾದೆ. ಬರಲಿಲ್ಲ. ಮತ್ತೊಮ್ಮೆ ಹತ್ತಿಸಿ ಎಂದರು. ಮತ್ತೊಮ್ಮೆ ಹತ್ತಿಸಿದೆ, ಅದೇ ಬೆಣ್ಣೆ. ಶೋರೂಮಿಗೆ ವಾಪಸು ಬಂದಾಗ ಸೇಲ್ಸ್‌ಮನ್, ಕಾಕಾ ಅವರನ್ನು ಎಳೆದ ಮೇಲೆ ಇನ್ನೇನು ಮಾತು ಎಂದು ಮರಾಠಿಯಲ್ಲಿ ಹೇಳಿ ಬುಕಿಂಗಿನ ಪುಸ್ತಕ ತೆಗೆದ. ಅಣ್ಣ ಅವನ ಕಡೆ ನೋಡಲಿಲ್ಲ. ಮುಖ ಸಪ್ಪಗಾಗಿತ್ತು. ಗಾಡಿ ಇಷ್ಟು ಚೆನ್ನಾಗಿ ಹತ್ತಿದೆ, ಇವರಿಗೆ ಏನಾಯಿತು ಎಂದು ನನಗೆ ತಿಳಿಯಲಿಲ್ಲ.

“ನಿಮ್ಮ ಹಳೇ ಗಾಡಿ ತೆಗೀರಿ,” ಎಂದರು. “ಅದನ್ನೂ ಒಮ್ಮೆ ಪೂಲಿಗೆ ಹತ್ತಿಸುವ.”

ಆ ಬೈಕನ್ನು ಕೊಂಡಾಗಲೂ ಅವರೇ ಹಿಂದೆ ಕೂತಿದ್ದರು. ಎರಡನೇ ಗೇರಿನಲ್ಲಿ ಕ್ಲಚ್ಚು ಸುಟ್ಟ ವಾಸನೆ ಬರುವ ಹಾಗೆ ಹತ್ತಿತ್ತು. ಒಬ್ಬನೇ ಇದ್ದೀರಲ್ಲ, ತೆಗೆದುಕೊಳ್ಳಿ, ಮದುವೆಯಾದ ಮೇಲೆ ಉಸಿರು ಕಟ್ತದೆ ಎಂದು ತೀರ್ಪು ಕೊಟ್ಟಿದ್ದರು. ಈಗ ಅದೇ ಗಾಡಿ, ಅಷ್ಟು ವರ್ಷ ಹಳೆಯದಾದ ಮೇಲೆ, ಅದೇ ಏರನ್ನು ಮೂರನೇ ಗೇರಿನಲ್ಲಿ ಹತ್ತಿತು. ನನ್ನ ತಲೆ ಪೂರ್ತಿ ಕೆಟ್ಟಿತು. ಹಳೆಯದೇ ಇಷ್ಟು ಚೆನ್ನಾಗಿದ್ದರೆ ಹೊಸದು ಯಾಕೆ? ಹೋದ ವಾರ ಕಾರ್ಬೊರೇಟರ್ ತೊಳೆಸಿದ್ದೆ, ಅದರ ಮಹಿಮೆಯೇ? ಗಾಳಿ ಹಿಂದಿನಿಂದ ಬೀಸುತ್ತಿತ್ತೇ? ಪೂಲನ್ನೇ ರಿಪೇರಿ ಮಾಡಿ ತಗ್ಗಿಸಿದ್ದಾರೆಯೇ? ಕೊನೆಯದನ್ನು ನಾನು ನಿಜವಾಗಿಯೂ ಯೋಚಿಸಿದೆ. ಪೂಲಿನ ಕೆಳಗೆ ಕಬ್ಬಿನ ಹಾಲಿನ ಅಂಗಡಿಯ ಹತ್ತಿರ ನಿಲ್ಲಿಸಿ ಈ ಸಂಶಯಗಳನ್ನೆಲ್ಲ ಒಂದೊಂದಾಗಿ ಅವರ ಮುಂದಿಟ್ಟೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು.

“ಗಾಡಿ ಎಂತ ಮಾಡ್ತದೆ ಮಾರಾಯ್ರೆ,” ಎಂದರು. “ನಾನು ಕಮ್ಮಿ ಆದದ್ದು.”

ನಾನು ನಕ್ಕೆ. ಆಮೇಲೆ ಅವರ ಮುಖ ನೋಡಿ ನಗು ನಿಲ್ಲಿಸಿದೆ. ಗಲ್ಲ ಒಂದಿಷ್ಟು ಜೋತಿತ್ತು, ಅಷ್ಟೇ. ಅಂಗಿ ಹೊಟ್ಟೆಯ ಮೇಲೆ ಬಿಗಿಯಾಗಿಯೇ ಕೂತಿತ್ತು.

“ಹಂಗೇನ ಕಾಣಂಗಿಲ್ಲಲ್ರಿ ಅಣ್ಣಾ,” ಎಂದೆ. “ಅಂಗಿ ಮೊದಲಿನಂಗ ಬರೋಬ್ಬರಿ ಐತಿ.”

“ಅಂಗಿಯ ಮಾತು ಬಿಡಿ,” ಎಂದರು.

ಸ್ಟೇಶನ್ನಿನ ತೂಕದ ಮಷಿನ್ನಿನ ಮೇಲೆ ಒಂದೆರಡು ಸಲ ನಿಂತು ನೋಡಿದ್ದರಂತೆ. ಪ್ಲಾಟ್‌ಫಾರ್ಮಿನ ಮಷಿನ್ನು, ಬಣ್ಣದ ದೀಪ ಉರಿಸಿ ಏನೋ ಒಂದು ಹೇಳುತ್ತದೆ, ಅದನ್ನು ನಂಬಬಾರದು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು. ಹಿಂದಿನ ವಾರ ಟ್ರೇನಿನಲ್ಲಿ ಕಾಲು ಸೋತು ಅಪರೂಪಕ್ಕೆ ಕೂತಿದ್ದರಂತೆ. ಆಚೆ ಇಬ್ಬರು ಕೂತರು. ಆಮೇಲೆ ನಾಲ್ಕನೆಯವನೊಬ್ಬ ಬಂದು ಸ್ವಲ್ಪ ಸರಿಯಿರಿ ಎಂದ. ಸರಿದರು, ಅವನೂ ಕೂತ. ಜಾಗವಾಯಿತು. ಅದನ್ನು ಹೇಳುವಾಗ ಅವರ ದನಿ ತೀರ ಸಣ್ಣದಾಗಿತ್ತು. ಪೂಲು ಮಾತ್ರ ಸುಳ್ಳು ಹೇಳುವುದಿಲ್ಲ ಎಂದು ಅವರು ನಂಬಿದ್ದರು. ಅದಕ್ಕೇ ನನ್ನ ಜೊತೆ ಬಂದದ್ದು. ಅವತ್ತು ಅವರು ಪರೀಕ್ಷೆ ಮಾಡುತ್ತಿದ್ದದ್ದು ಕ್ರೂಸರನ್ನಲ್ಲ. ಗಾಡಿ ಒಮ್ಮೆಯಾದರೂ ಮುಗ್ಗರಿಸಲಿ ಎಂದು ಹಿಂದೆ ಕಣ್ಣು ಮುಚ್ಚಿ ಬೇಡಿಕೊಳ್ಳುತ್ತಿದ್ದರಂತೆ. ನಾನು ಮುಂದೆ ಕೂತು ಹಿಗ್ಗುತ್ತಿದ್ದೆ.

ಡಾಕ್ಟರಿಗೆ ತೋರಿಸಿ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು.

“ನಮ್ಮ ದೊಡ್ಡಣ್ಣ ಹೀಗೇ ಇಳಿದು ಇಳಿದು ಹೋದದ್ದು. ಊಟ ಮಾಡ್ತಾ ಇದ್ದ, ಇಳೀತಾ ಇದ್ದ. ಅವನ ಸೇವೆ ಮಾಡಿದ್ದು ನಮ್ಮವಳೇ. ಇನ್ನೊಮ್ಮೆ ಅದನ್ನು ನೋಡ್ಲಿಕ್ಕೆ ಅವಳಿಂದ ಆಗುದಿಲ್ಲ. ಅವಳ ಹತ್ರ ಈ ಮಾತು ಎತ್ತುದು ಬೇಡ.”

ನಾನು ಗಾಡಿ ಚಾಲೂ ಮಾಡಿದೆ. ಮನೆಗೆ ಬರುವವರೆಗೂ ಅವರ ಕೈ ನನ್ನ ಹೆಗಲ ಮೇಲಿತ್ತು. ಆ ಕೈಯಲ್ಲೂ ಭಾರ ಕಡಿಮೆಯಾಗಿದೆ ಎಂದು ಆಗ ಗಮನಕ್ಕೆ ಬಂತು. ನನಗೆ ಹೆದರಿಕೆಯಾಯಿತು.

ಮಾರನೇ ದಿನ ಅವರು ಡ್ಯೂಟಿಗೆ ಹೋದ ಮೇಲೆ ನಾನು ನೇರವಾಗಿ ವೈನಿಯ ಹತ್ತಿರ ಹೋದೆ. ಅಣ್ಣನ ಹೆಂಡತಿಯನ್ನು ನಾನು ನಮ್ಮ ಕಡೆಯಂತೆ ವೈನಿ ಎನ್ನುತ್ತಿದ್ದೆ. ಹೇಳಬೇಡ ಎಂದವರ ಮಾತು ಮೀರುವುದೋ ಬಿಡುವುದೋ ಎಂದು ಬೆಳಿಗ್ಗೆಯೆಲ್ಲ ಅಂಗಳದಲ್ಲಿ ಸುತ್ತಾಡಿದ್ದೆ. ಕೊನೆಗೆ ಗೊಂದಲದಲ್ಲಿರುವಾಗಲೇ ಕಾಲು ಮೆಟ್ಟಿಲು ಹತ್ತಿತ್ತು. ಪೂಲಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ವೈನಿ ಅಳಲಿಲ್ಲ, ಗಾಬರಿಯಾಗಲೂ ಇಲ್ಲ. ಒಳಗೆ ಹೋಗಿ ಅಣ್ಣನ ಒಂದು ಅಂಗಿ ತಂದು, ಒಳಮೈ ಹೊರಗೆ ಮಾಡಿ ನನ್ನ ಮುಂದೆ ಹಿಡಿದರು.

ಪಕ್ಕದ ಹೊಲಿಗೆಯ ಒಳಗಡೆ ಇನ್ನೊಂದು ಹೊಲಿಗೆ, ಅದರ ಒಳಗಡೆ ಮತ್ತೊಂದು. ಮಡಚಿದ ಬಟ್ಟೆ ಎರಡೂ ಬದಿಗೆ ಗೋಟಿನ ಹಾಗೆ ನಿಂತಿತ್ತು. ತಿಂಗಳಿಗೊಮ್ಮೆ, ಅವರು ಕೆಲಸಕ್ಕೆ ಹೋದ ಮೇಲೆ, ಇದ್ದ ಅಂಗಿಗಳನ್ನೆಲ್ಲ ಇಷ್ಟಿಷ್ಟೇ ಒಳಕ್ಕೆ ಹಿಡಿದು ಹೊಲಿಯುತ್ತಿದ್ದರಂತೆ.

“ಸಡಿಲ ಕಂಡ್ರೆ ಅವರಿಗೆ ಹೆದರಿಕೆ ಆಗ್ತದಲ್ಲ,” ಎಂದರು. “ಭಾವ ಹೋದದ್ದು ನೋಡಿದ ಮೇಲೆ ಡಾಕ್ಟರ್ ಅಂದ್ರೆ ಎದ್ದು ಹೋಗ್ತಾರೆ. ಅಂಗಿ ಸರಿ ಇದ್ರೆ ಧೈರ್ಯದಲ್ಲಿ ಇರ್ತಾರೆ ಅಂತ ನಾನು ಹೀಗೆ ಮಾಡಿದ್ದು. ನೀವು ಅಂಗಿಯ ವಿಷಯ ಮಾತ್ರ ಅವರಿಗೆ ಹೇಳ್ಬೇಡಿ, ಆಯ್ತಾ?”

ಆಯ್ತು ಎಂದೆ. ಮೆಟ್ಟಿಲಿಳಿಯುವಾಗ ನನಗೆ ನಗು ಬರುತ್ತಿದೆಯೋ ಅಳು ಬರುತ್ತಿದೆಯೋ ತಿಳಿಯಲಿಲ್ಲ. ಗಂಡ ಕಮ್ಮಿಯಾಗಿದ್ದು ಹೆಂಡತಿಗೆ ಗೊತ್ತಾಗಬಾರದು. ಹೆಂಡತಿಗೆ ಗೊತ್ತಿರುವುದು ಗಂಡನಿಗೆ ಗೊತ್ತಾಗಬಾರದು. ಇದರ ನಡುವೆ ಒಂದು ಬೈಕು ಕೊಳ್ಳಲು ಹೋದ ನಾನು.

ದಾರಿ ಹುಡುಕಿದವರು ವೈನಿಯೇ. ತಮ್ಮ ಮೊಣಕಾಲು ನೋವನ್ನು ಕಲ್ಯಾಣದ ಡಾಕ್ಟರಿಗೆ ತೋರಿಸಬೇಕು, ಜೊತೆಗೆ ಬನ್ನಿ ಎಂದು ಅಣ್ಣನನ್ನು ಹೊರಡಿಸಿದರು. ಹೆಂಡತಿಯ ಮೊಣಕಾಲಿಗಾಗಿ ಅವರು ಎಲ್ಲಿಗೆ ಬೇಕಾದರೂ ಬರುತ್ತಿದ್ದರು. ವೈನಿ ರಿಕ್ಷಾದಲ್ಲಿ, ಅಣ್ಣ ನನ್ನ ಹಳೆಯ ಬೈಕಿನ ಮೇಲೆ. ಅಲ್ಲಿ ಮೊಣಕಾಲು ನೋಡಿ ಮುಗಿಸಿದ ಡಾಕ್ಟರು, ವೈನಿ ಮೊದಲೇ ಕಿವಿಗೆ ಹಾಕಿಟ್ಟಿದ್ದಂತೆ, ಬಂದದ್ದು ಬಂದಿದ್ದೀರಿ, ನೀವೂ ಆ ತಕ್ಕಡಿಯ ಮೇಲೆ ನಿಲ್ಲಿ ಎಂದು ಅಣ್ಣನಿಗೆ ಹೇಳಿದರು. ಅಣ್ಣ ನನ್ನನ್ನು ನೋಡಿದರು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ. ನಿಂತರು. ಆಮೇಲೆ ರಕ್ತ, ಎಕ್ಸ್‌ರೇ ಫೋಟೋ, ಹೊಟ್ಟೆಯೊಳಗೆ ನಳಿಗೆ ಇಳಿಸಿ ನೋಡುವುದು ಎಂದು ಕೆಲವು ದಿನ ಓಡಾಟವಾಯಿತು.

ಕ್ರೂಸರು ಏನಾಯಿತು ಎಂದು ಕೇಳುವವರಿರುತ್ತಾರೆ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಆಮೇಲೊಂದು ದಿನ ಹೆಂಡತಿಯನ್ನೇ ಹಿಂದೆ ಕೂರಿಸಿಕೊಂಡು ಶಿಳಫಾಟಾದ ಏರು ಹತ್ತಿಸಿದೆ. ಬೆಣ್ಣೆಯೇನೂ ಅಲ್ಲ, ಆದರೆ ಎಳೆಯಿತು. ಅವಳು ಬೆಲ್ಟು ಹಿಡಿಯಲಿಲ್ಲ. ಕೊಂಡೆ. ಅಣ್ಣ ಮತ್ತೆ ಎಂದೂ ಮೊದಲಿನಷ್ಟು ದಪ್ಪಗಾಗಲಿಲ್ಲ. ಹೋದ ತಿಂಗಳವರೆಗೂ, ಆ ಬಾಡಿಗೆಯವರು ಕಂಡ ತೆಳ್ಳಗಿನ ಅಂಕಲ್ ಆಗಿಯೇ ಬಹಳ ವರ್ಷ ಬದುಕಿದರು. ಟ್ರೇನಿನಲ್ಲಿ ಕೂತುಕೊಂಡು ಠಾಣೆಗೆ ಹೋದರು. ಟೆಸ್ಟ್ ರೈಡಿಗೆ ಅವರನ್ನು ಕರೆಯುವುದನ್ನು ಬಿಲ್ಡಿಂಗಿನವರು ನಿಲ್ಲಿಸಿದರು. ಅದರಿಂದ ಅವರಿಗೆ ಬೇಸರವಾಯಿತೆಂದು ನನಗೆ ಗೊತ್ತು.

ಆದರೆ ಅವರನ್ನು ನೆನೆದಾಗಲೆಲ್ಲ ನನಗೆ ಕಣ್ಣಿಗೆ ಕಟ್ಟುವುದು ರಿಪೋರ್ಟು ಬಂದ ದಿನ. ಕರುಳಿಗೆ ಕ್ಷಯ, ದೊಡ್ಡಣ್ಣನಿಗೆ ಬಂದದ್ದಲ್ಲ, ಕೆಲವು ತಿಂಗಳು ಗುಳಿಗೆ ತಪ್ಪದೆ ನುಂಗಿದರೆ ವಾಸಿಯಾಗುತ್ತದೆ, ಇನ್ನೂ ತಡಮಾಡಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಬೈದು ಕಳಿಸಿದ್ದರು. ಅವರ ಮನೆಗೆ ಬಂದು ಕೂತೆವು. ವೈನಿ ಚಹಾ ಮಾಡಿ ತಂದರು. ಗಂಡ ಹೆಂಡತಿ ಮನೆಯಲ್ಲಿ ತುಳುವಿನಲ್ಲಿ ಮಾತಾಡುವವರು. ನನಗೂ ತಿಳಿಯಲಿ ಎಂದೋ ಏನೋ, ಅಣ್ಣ ಕನ್ನಡದಲ್ಲೇ ಹೇಳಿದರು.

“ಇನ್ನು ಅಂಗಿ ಸಣ್ಣ ಮಾಡುದು ಬೇಡ. ಸಡಿಲ ಇದ್ರೆ ಇರ್ಲಿ.”

ವೈನಿ ಕಪ್ಪುಗಳ ತಟ್ಟೆ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. ನಾನು ಹೇಳಿಲ್ಲ ಎಂದು ಕೈಯಾಡಿಸಿದೆ.

“ಅವರೆಂತ ಹೇಳುದು,” ಎಂದರು ಅಣ್ಣ. “ಮಡಚಿದ ಬಟ್ಟೆ ಪಕ್ಕೆಗೆ ಒತ್ತುದಿಲ್ವಾ? ಮೊದಲನೇ ಸಲವೇ ಗೊತ್ತಾಗಿತ್ತು. ನೀನು ಅಷ್ಟು ನಾಜೂಕಿನಲ್ಲಿ ಹೊಲಿದು, ಇಸ್ತ್ರಿ ಹಾಕಿ ಇಡ್ತಿದ್ದೆ. ಗೊತ್ತುಂಟು ಅಂತ ಹೇಗೆ ಹೇಳುದು?”

ವೈನಿ ತಟ್ಟೆಯನ್ನು ನೆಲದ ಮೇಲಿಟ್ಟು ಅಲ್ಲೇ ಕೂತರು. ಅಷ್ಟು ದಿನ ನಮ್ಮೆದುರು ಒಂದು ಹನಿ ಕಣ್ಣೀರು ಹಾಕದಿದ್ದವರು ಸೆರಗನ್ನು ಬಾಯಿಗೆ ಹಿಡಿದು ಅತ್ತರು.

“ಹೇಳ್ಬೇಕಿತ್ತು,” ಎಂದರು. “ನಾನು ಹೊಲಿಗೆ ಮಷಿನ್ನಿನ ಎದುರು ಒಬ್ಬಳೇ ಕೂತು ಅಳುದಾದ್ರೂ ತಪ್ತಿತ್ತು.”

ಅಣ್ಣ ಕುರ್ಚಿಯಿಂದ ಇಳಿದು ನೆಲದ ಮೇಲೆ ಅವರ ಪಕ್ಕದಲ್ಲಿ ಕೂತರು. ನಾನು ಚಹಾ ಅರ್ಧಕ್ಕೇ ಬಿಟ್ಟು, ಹೊರಗೆ ಬಂದು, ಬಾಗಿಲು ಎಳೆದುಕೊಂಡೆ.